ಬೇಲೇಕೇರಿಯ ಅದಿರು, ಮುಖವಾಡದ ನ್ಯಾಯ

ಕಾನೂನಿನ ಕೈಗೆ ಸಿಗದ ಬಲಾಢ್ಯರನ್ನು ಗುರುತು ಮರೆಸಿಕೊಂಡವನೊಬ್ಬ ಶಿಕ್ಷಿಸುವ ಕಥೆ ಕನ್ನಡದ ಜನಪ್ರಿಯ ಬರವಣಿಗೆಯಲ್ಲಿ ಬೇರೂರಿದ್ದು ಕೊಂಚ ತಡವಾಗಿ. 1950ರ ದಶಕದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಮನೆಮಾತಾಗಿದ್ದಾಗ ಕಳ್ಳ ಕಳ್ಳನೇ, ಪೊಲೀಸರು ನಂಬಿಕಸ್ತರೇ. ಅಪರಾಧಿಯನ್ನು ಹಿಡಿದು ಸರ್ಕಾರಕ್ಕೆ ಒಪ್ಪಿಸಿದರೆ ಕಥೆ ಮುಗಿಯಿತು. ತುರ್ತು ಪರಿಸ್ಥಿತಿಯ ನಂತರದ ವರ್ಷಗಳಲ್ಲಿ ಆ ನಂಬಿಕೆ ಸಡಿಲವಾಯಿತು. ಎಚ್.ಕೆ. ಅನಂತರಾವ್ ಅವರ ‘ಅಂತ’ ‘ಸುಧಾ’ದಲ್ಲಿ ಧಾರಾವಾಹಿಯಾಗಿ ಬಂದು 1981ರಲ್ಲಿ ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ ಕೈಯಲ್ಲಿ ಸಿನಿಮಾ ಆಯಿತು. ಅದರ ನಾಯಕ ಪೊಲೀಸ್ ಅಧಿಕಾರಿಯೇ. ಆದರೆ ದೊಡ್ಡವರ ಜಾಲದ ಒಳಹೊಗಲು ಅವನು ಅಪರಾಧಿಯ ವೇಷ ತೊಡಬೇಕಾಗುತ್ತದೆ. 1983ರ ‘ಚಕ್ರವ್ಯೂಹ’ದ ಹೊತ್ತಿಗೆ ಪ್ರೇಕ್ಷಕರ ಸಿಟ್ಟು ನೇರವಾಗಿ ಮಂತ್ರಿಗಳ ಕಡೆಗೇ ತಿರುಗಿತ್ತು.

ಈ ಸಿಟ್ಟಿಗೆ ಅಂತರ್ಜಾಲ ಸೇರಿಕೊಂಡದ್ದು 2000ದ ನಂತರ. 2005ರ ತಮಿಳು ಚಿತ್ರ ‘ಅನ್ನಿಯನ್’ನಲ್ಲಿ ಜನ ಒಂದು ವೆಬ್‌ಸೈಟಿನಲ್ಲಿ ದೂರು ಬರೆಯುತ್ತಾರೆ, ಅದನ್ನು ಓದಿದವನು ಗರುಡ ಪುರಾಣದ ಶಿಕ್ಷೆಗಳನ್ನು ಜಾರಿ ಮಾಡುತ್ತಾನೆ. ಮರುವರ್ಷ ತೆರೆಗೆ ಬಂದ ‘ವಿ ಫಾರ್ ವೆಂಡೆಟ್ಟಾ’ದ ಗೈ ಫಾಕ್ಸ್ ಮುಖವಾಡವನ್ನು 2008ರಿಂದ ‘ಅನಾನಿಮಸ್’ ಎಂಬ ಗುಂಪು ಬೀದಿಯಲ್ಲೇ ಧರಿಸತೊಡಗಿತು. ಅಲ್ಲಿಂದೀಚಿನ ರೋಚಕ ಕಥೆಗಳಲ್ಲಿ ಇದೊಂದು ಸಿದ್ಧ ಅಚ್ಚು: ಕತ್ತಲೆ ಕೋಣೆ, ಕೀಲಿಮಣೆ, ಬಯಲಾಗುವ ಕಡತ, ಒಂದೇ ರಾತ್ರಿಯಲ್ಲಿ ಕುಸಿಯುವ ಮಂತ್ರಿ.

ಕಾರವಾರ–ಅಂಕೋಲಾ ಕರಾವಳಿಯ ಇತಿಹಾಸ ಈ ಅಚ್ಚಿಗೆ ಹೊಂದುವುದಿಲ್ಲ. ಸರಕು, ಸುಂಕ ಮತ್ತು ಅಧಿಕಾರದ ತಿಕ್ಕಾಟ ಇಲ್ಲಿ ಹಳೆಯದು; ಕಾಳಿ ನದಿಯ ಉತ್ತರ ದಂಡೆಯ ಚಿತ್ತಾಕುಲ ಹದಿನಾರನೇ ಶತಮಾನದ ಪೋರ್ಚುಗೀಸ್ ಬರಹಗಳಲ್ಲೇ ಬರುವ ಬಂದರು. ಆದರೆ ಆಧುನಿಕ ಕಾಲದಲ್ಲಿ ಬಲವಂತರನ್ನು ಎದುರಿಸಿದ ಇಲ್ಲಿನವರು ಮುಖ ಮುಚ್ಚಿಕೊಂಡದ್ದು ಕಡಿಮೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತನದಲ್ಲಿ ಉಪ್ಪಿನ ಕಾಯಿದೆ ಮುರಿದಾಗ ಮೊದಲ ಉಪ್ಪಿನ ಪೊಟ್ಟಣ ಬಹಿರಂಗ ಹರಾಜಿನಲ್ಲಿ 30 ರೂಪಾಯಿಗೆ ಹೋಯಿತು. ಕೊಂಡವರು ರೇವು ಹೊನ್ನಪ್ಪ ನಾಯಕ. ಕಾಯಿದೆ ಮುರಿದವರ ಹೆಸರೂ ಕೊಂಡವರ ಹೆಸರೂ ಅಂದೇ ಎಲ್ಲರಿಗೂ ಗೊತ್ತು. ಎರಡು ವರ್ಷದ ನಂತರ ಕರನಿರಾಕರಣೆಯಲ್ಲಿ ರೈತರು ಜಮೀನು ಕಳೆದುಕೊಂಡರು, ತಾಲ್ಲೂಕಿಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂತು. ಜಪ್ತಿಯಾದ ನೆಲವನ್ನು ಹರಾಜಿನಲ್ಲಿ ಕೊಂಡವರಿಗೆ ಸಿಕ್ಕ ಶಿಕ್ಷೆ ಊರಿನ ಬಹಿಷ್ಕಾರ. ಇದನ್ನು ಜನರೇ ವಿಧಿಸಿದ ದಂಡ ಎನ್ನಲಡ್ಡಿಯಿಲ್ಲ. ಆದರೆ ವಿಧಿಸಿದವರು ಅದೇ ಊರಿನ, ಅದೇ ಓಣಿಯ ಜನ.

ದಿನಕರ ದೇಸಾಯಿಯವರದೂ ಇದೇ ದಾರಿ. ಗೇಣಿದಾರರ ಪರ ನಿಂತದ್ದಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು. ಮುಂದೆ ‘ಜನಸೇವಕ’ ವಾರಪತ್ರಿಕೆಯನ್ನು ನಡೆಸಿದರು, 1967ರಲ್ಲಿ ಪಕ್ಷೇತರರಾಗಿ ಲೋಕಸಭೆಗೆ ಹೋದರು. ಮಂತ್ರಿ, ಸಾಹುಕಾರ, ಗುತ್ತಿಗೆದಾರ ಯಾರನ್ನೂ ಬಿಡದ ಅವರ ಚುಟುಕಗಳ ಹೆಸರೇ ‘ದಿನಕರನ ಚೌಪದಿ’. ಕುಟುಕಿದವನ ಸಹಿ ಶೀರ್ಷಿಕೆಯಲ್ಲೇ ಇತ್ತು.

ಈ ಸೀಮೆಯಲ್ಲಿ ನಿಜಕ್ಕೂ ರೋಚಕ ಕಾದಂಬರಿಯೊಂದಕ್ಕೆ ಒದಗಬಹುದಾದ ವಸ್ತು ಸಿಕ್ಕಿದ್ದು 2010ರಲ್ಲಿ, ಬೇಲೇಕೇರಿಯಲ್ಲಿ. ಅಂಕೋಲಾ ತಾಲ್ಲೂಕಿನ ಈ ಕಿರುಬಂದರಿನಲ್ಲಿ ದೊಡ್ಡ ಹಡಗು ದಂಡೆಗೆ ಬರುವುದಿಲ್ಲ. ಬಾರ್ಜ್‌ಗಳು ಅದಿರನ್ನು ಹೊತ್ತು ಹೊರಗೆ ಲಂಗರು ಹಾಕಿದ ಹಡಗಿಗೆ ಸುರಿಯುತ್ತಿದ್ದವು. ಮಳೆಗಾಲದಲ್ಲಿ ಆ ಕೆಲಸವೂ ನಿಲ್ಲುತ್ತಿತ್ತು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುನ್ನ ಚೀನಾದ ಬೇಡಿಕೆ ಏರಿ ಅದಿರಿನ ಬೆಲೆ ನೆಗೆದಾಗ, ಬಳ್ಳಾರಿ–ಹೊಸಪೇಟೆಯ ಲಾರಿಗಳು ಹುಬ್ಬಳ್ಳಿ ದಾಟಿ ಅರಬೈಲ್ ಘಟ್ಟ ಇಳಿದು ಹಗಲೂ ರಾತ್ರಿ ಇಲ್ಲಿಗೆ ಬಂದವು. ಹೆದ್ದಾರಿಯ ಬದಿಯ ಗಿಡಮರ, ಮನೆ ಹಂಚು ಎಲ್ಲಕ್ಕೂ ಕೆಂಪು ಧೂಳು ಮೆತ್ತಿಕೊಂಡಿತು.

ಪ್ರತಿ ಲೋಡಿಗೂ ಗಣಿ ಇಲಾಖೆಯ ಪರವಾನಗಿ, ಅರಣ್ಯ ಇಲಾಖೆಯ ರಹದಾರಿ ಇರಬೇಕು. ಬಂದರಿನಲ್ಲಿ ತೂಕ, ದಾಸ್ತಾನಿನ ಲೆಕ್ಕ, ಹಡಗಿನ ಬಿಲ್ಲು ಬೇರೆ. ಈ ಕಾಗದಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಕಳವು ತಾನಾಗಿ ಕಾಣುತ್ತದೆ, ನೋಡುವವರು ಬೇಕಷ್ಟೆ. 2010ರ ಮಾರ್ಚ್‌ನಲ್ಲಿ ಕಾರವಾರದ ಉಪ ಅರಣ್ಯ ಸಂರಕ್ಷಣಾಧಿಕಾರಿ ಆರ್. ಗೋಕುಲ್ ಸರಿಯಾದ ರಹದಾರಿಯಿಲ್ಲದ ಅದಿರನ್ನು ಜಪ್ತಿ ಮಾಡಿದರು. ಅದು ಬಂದರು ಅಧಿಕಾರಿಗಳ ಸುಪರ್ದಿಯಲ್ಲಿ ಉಳಿಯಿತು. ಮಳೆಗಾಲ ಹಿಡಿಯುವಷ್ಟರಲ್ಲಿ ಜಪ್ತಾದ ರಾಶಿಯಿಂದ ಸುಮಾರು 5 ಲಕ್ಷ ಟನ್ ಮಾಯ! ಸಾವಿರಾರು ಲಾರಿ ಹೊರುವಷ್ಟು ಮಣ್ಣು ಯಾರ ಕಣ್ಣಿಗೂ ಬೀಳದೆ ಸಮುದ್ರಕ್ಕೆ ಹೋಯಿತೆಂದು ಯಾವ ಕಾದಂಬರಿಕಾರ ಬರೆದರೂ ಓದುಗರು ನಂಬುತ್ತಿರಲಿಲ್ಲ.

ಮುಂದೆ ಅಮಾನತಾದದ್ದು ಜಪ್ತಿ ಮಾಡಿದ ಗೋಕುಲ್. ಅದನ್ನು ಪ್ರತಿಭಟಿಸಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2010ರ ಜೂನ್ 23ರಂದು ರಾಜೀನಾಮೆ ಕೊಟ್ಟರು, ಜುಲೈನಲ್ಲಿ ಹಿಂತೆಗೆದುಕೊಂಡರು. ಅದೇ ತಿಂಗಳು ಸರ್ಕಾರ ಕಿರುಬಂದರುಗಳಿಂದ ಅದಿರು ರಫ್ತನ್ನು ನಿಷೇಧಿಸಿತು. 2011ರ ಜುಲೈ 27ರಂದು ಸಲ್ಲಿಕೆಯಾದ ಲೋಕಾಯುಕ್ತ ವರದಿ ರಾಜ್ಯಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು. ನಾಲ್ಕೇ ದಿನದಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಆ ಅರ್ಜಿಯ ಮೇಲೆ 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆ ನಿಂತಿತು, 2012ರಲ್ಲಿ ಬೇಲೇಕೇರಿಯ ತನಿಖೆ ಸಿಬಿಐ ಪಾಲಾಯಿತು.

ಇಲ್ಲೂ ಕಂಪ್ಯೂಟರ್ ಇತ್ತು. ಲೋಕಾಯುಕ್ತ ವರದಿಗಾಗಿ ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಪರವಾನಗಿ, ಬ್ಯಾಂಕ್ ಲೆಕ್ಕಗಳ ಜೊತೆಗೆ ಆದಾಯ ತೆರಿಗೆ ಇಲಾಖೆಯ ದಾಳಿಗಳಲ್ಲಿ ಸಿಕ್ಕ ಕಂಪ್ಯೂಟರ್ ದಾಖಲೆಗಳನ್ನೂ ಜಾಲಾಡಿತು. ಪರವಾನಗಿಯಿಲ್ಲದ ಅದಿರನ್ನು ಹಣ ಕೊಟ್ಟು ಸುರಕ್ಷಿತವಾಗಿ ಸಾಗಿಸುವ ‘ಝೀರೋ ರಿಸ್ಕ್’ ಏರ್ಪಾಟು ವರದಿಯಲ್ಲಿ ಬಯಲಾಯಿತು. ಕಥೆಯ ಹ್ಯಾಕರ್ ಮಾಡುವ ಕೆಲಸವೇ ಇದು. ಮಾಡಿದವರು ಮಾತ್ರ ಸಂಬಳದ ನೌಕರರು, ಸಾಕ್ಷಿಕಟ್ಟೆ ಹತ್ತಿ ಅಡ್ಡಸವಾಲಿಗೆ ಉತ್ತರಿಸಬೇಕಾದವರು. ಗುಪ್ತವಾಗಿ ಕದ್ದ ಕಡತ ಪತ್ರಿಕೆಯ ತಲೆಬರಹವಾಗಬಹುದು, ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ಅಂತರ್ಜಾಲದ ಅನಾಮಿಕ ದೂರಿಗೂ ಕರ್ನಾಟಕದಲ್ಲೊಂದು ನಿಜವಾದ ನಿದರ್ಶನವಿದೆ. 2010ರ ಆಗಸ್ಟ್ 15ರಂದು ಬೆಂಗಳೂರಿನ ಜನಾಗ್ರಹ ಸಂಸ್ಥೆ ‘ಐ ಪೇಯ್ಡ್ ಎ ಬ್ರೈಬ್’ ತಾಣ ತೆರೆಯಿತು. ಲಂಚ ಕೊಟ್ಟವರು ಹೆಸರು ಹೇಳದೆ ಎಲ್ಲಿ, ಎಷ್ಟು, ಯಾವ ಕೆಲಸಕ್ಕೆ ಎಂದು ಬರೆಯಬಹುದಿತ್ತು. ತಾಣದ ಗುರಿ ಲಂಚದ ‘ಮಾರುಕಟ್ಟೆ ದರ’ ಬಯಲು ಮಾಡುವುದು, ಯಾರನ್ನೂ ದಂಡಿಸುವುದಲ್ಲ. ‘ಅನ್ನಿಯನ್’ನ ವೆಬ್‌ಸೈಟಿಗಿಂತ ಸಪ್ಪೆ, ಆದರೆ ಸುಳ್ಳು ದೂರಿಗೆ ಯಾರ ತಲೆಯೂ ಉರುಳುವುದಿಲ್ಲ.

ಈ ಭಾಗದ ಲೇಖಕರೂ ಸೇಡಿನ ನಾಯಕನನ್ನು ಅಷ್ಟಾಗಿ ನೆಚ್ಚಿಲ್ಲ. ಹನೇಹಳ್ಳಿಯ ಯಶವಂತ ಚಿತ್ತಾಲರ ‘ಶಿಕಾರಿ’ಯಲ್ಲಿ (1979) ಮುಂಬಯಿಯ ಕಂಪನಿಯೊಂದರ ಒಳಸಂಚಿಗೆ ಸಿಕ್ಕ ನಾಗಪ್ಪ ಬಂದೂಕು ಹಿಡಿಯುವುದಿಲ್ಲ, ಬರೆಯುತ್ತಾನೆ. ಅಂಕೋಲೆಯಲ್ಲಿ ಹುಟ್ಟಿದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಕಾನೂನಿನಾಚೆಯ ಬಲ ಬಡವರ ಕೈಯಲ್ಲಿಲ್ಲ, ದಿಢೀರ್ ಹಣವಂತರಾದ ಮನೆಯವರ ಕೈಯಲ್ಲಿದೆ. ಮುಖವಾಡದ ನ್ಯಾಯ ಕೊನೆಗೆ ಯಾರ ಸೊತ್ತಾಗುತ್ತದೆ ಎಂಬುದನ್ನು ಈ ಕಿರು ಕಾದಂಬರಿ ಯಾವ ಹ್ಯಾಕರ್ ಕಥೆಗಿಂತಲೂ ಸರಿಯಾಗಿ ಹಿಡಿದಿದೆ.

ಬೇಲೇಕೇರಿಯ ಮೊಕದ್ದಮೆಗೆ ತೀರ್ಪು ಬರಲು ಹದಿನಾಲ್ಕು ವರ್ಷ ಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಕಾರವಾರದ ಶಾಸಕ ಸತೀಶ್ ಸೈಲ್ ಮತ್ತು ಇತರರನ್ನು ತಪ್ಪಿತಸ್ಥರೆಂದು ಘೋಷಿಸಿ ಏಳು ವರ್ಷಗಳವರೆಗಿನ ಜೈಲುಶಿಕ್ಷೆ ವಿಧಿಸಿತು. ಮೇಲ್ಮನವಿ ಸಲ್ಲಿಸಿದ ಸೈಲ್ ಅವರ ಶಿಕ್ಷೆಯನ್ನು ಹೈಕೋರ್ಟ್ ನವೆಂಬರ್‌ನಲ್ಲಿ ಅಮಾನತಿನಲ್ಲಿಟ್ಟಿತು.