ಮೂರು ಕಾಗದ, ಒಂದು ಕಾನೂನು: ನಾಗರಬಾವಿ ಸುತ್ತ ನಡೆದ ನಂಬಿಕೆಯ ಜಗಳ

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಡಾ. ಎಚ್. ನರಸಿಂಹಯ್ಯ ಅವರು ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಒಂದರ ಹಿಂದೆ ಒಂದರಂತೆ ಮೂರು ಕಾಗದ ಬರೆದರು. ಕಾಗದದ ತಿರುಳು ಇಷ್ಟು: ನೀವು ಗಾಳಿಯಲ್ಲಿ ಕೈಯಾಡಿಸಿ ವಿಭೂತಿ, ಉಂಗುರ ಕೊಡುತ್ತೀರಿ ಅಂತ ಜನ ಹೇಳುತ್ತಾರೆ, ಅದನ್ನು ನಮ್ಮ ಸಮಿತಿಯ ಮುಂದೆ, ಪರೀಕ್ಷೆಗೆ ಒಳಪಟ್ಟು ಮಾಡಿ ತೋರಿಸಬೇಕು. ಕಾಗದಕ್ಕೆ ಉತ್ತರ ಬರಲಿಲ್ಲ.

ದೇವರನ್ನು ನಂಬುವವರಿಗೂ ನಂಬದವರಿಗೂ ನಡುವಿನ ಜಗಳ ಅಂದರೆ ಕರ್ನಾಟಕದಲ್ಲಿ ಈಗಲೂ ಹಿರಿಯರು ನೆನಪಿಸಿಕೊಳ್ಳುವುದು ಈ ಕಾಗದಗಳನ್ನೇ. ಆ ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಇರುವುದು ಮೈಸೂರು ರಸ್ತೆಗೂ ನಾಗರಬಾವಿಗೂ ನಡುವೆ. ಅದಕ್ಕೆ ಅಂಟಿಕೊಂಡಂತೆಯೇ ನಾಗರಬಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಇದೆ. 2013ರಲ್ಲಿ ಇದೇ ಜಗಳ ಆ ಶಾಲೆಯ ಮೇಜಿಗೆ ಬಂತು. ಮೂವತ್ತೇಳು ವರ್ಷದಲ್ಲಿ ಜಗಳ ಹೆಚ್ಚು ದೂರ ಹೋಗಲಿಲ್ಲ, ಕಾಂಪೌಂಡ್ ದಾಟಿತು ಅಷ್ಟೇ. ಆದರೆ ಅಷ್ಟರಲ್ಲಿ ಕೇಳುವ ಪ್ರಶ್ನೆ ಬದಲಾಗಿತ್ತು. ಹಳ್ಳಿಯಲ್ಲಿರುವ ನಮಗೆ ಆ ಬದಲಾವಣೆ ಯಾಕೆ ಮುಖ್ಯ ಅನ್ನುವುದನ್ನು ಹೇಳುವುದಕ್ಕೇ ಈ ಬರಹ.

ನಡೆದು ಬಂದ ಮೇಷ್ಟ್ರು

ಎಚ್ಚೆನ್ ಅಂತಲೇ ಹೆಸರಾದ ನರಸಿಂಹಯ್ಯ ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಬಡ ಕುಟುಂಬ. ಓದಲು ಬೆಂಗಳೂರಿಗೆ ನಡೆದುಕೊಂಡೇ ಬಂದವರು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಕಾಲೇಜು ಬಿಟ್ಟು ಜೈಲಿಗೆ ಹೋದರು. ಆಮೇಲೆ ಭೌತಶಾಸ್ತ್ರ ಓದಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟ್ರಾದರು, ಪ್ರಿನ್ಸಿಪಾಲರಾದರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ತಂದರು. ಮದುವೆಯಾಗಲಿಲ್ಲ. ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ, ಕಾಲೇಜು ಹಾಸ್ಟೆಲಿನ ಒಂದು ಕೋಣೆ. ಅದೇ ಅವರ ಸಂಸಾರ.

1972ರಿಂದ 1977ರವರೆಗೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಆ ಅವಧಿಯಲ್ಲಿ, 1974ರ ಘಟಿಕೋತ್ಸವದಲ್ಲಿ, ಕುವೆಂಪು ಅವರು 'ವಿಚಾರಕ್ರಾಂತಿಗೆ ಆಹ್ವಾನ' ಅನ್ನುವ ಹೆಸರಾಂತ ಭಾಷಣ ಮಾಡಿದರು. ಮೂಢನಂಬಿಕೆಯ ವಿರುದ್ಧ ಯುವಕರನ್ನು ಎಬ್ಬಿಸಿದ ಮಾತು ಅದು. ಆ ಮಾತಾಡಿದ ಕುವೆಂಪು ರಾಮಕೃಷ್ಣ ಪರಮಹಂಸರ, ವಿವೇಕಾನಂದರ ಭಕ್ತರು ಅನ್ನುವುದನ್ನು ಮರೆಯಬಾರದು. ಮೂಢನಂಬಿಕೆಯನ್ನು ಬೈಯುವವರೆಲ್ಲ ನಾಸ್ತಿಕರು ಅನ್ನುವ ಮಾತು ನಮ್ಮ ನಾಡಿನಲ್ಲಿ ಯಾವತ್ತೂ ಪೂರ್ತಿ ನಿಜವಾಗಿರಲಿಲ್ಲ.

ಎರಡು ವರ್ಷ ಕಳೆದ ಮೇಲೆ ಎಚ್ಚೆನ್ ತಮ್ಮ ಸಮಿತಿ ಮಾಡಿದರು. ಅದರ ಹೆಸರನ್ನು ಗಮನಿಸಿ: 'ಪವಾಡಗಳು ಮತ್ತು ಪರೀಕ್ಷಿಸಬಹುದಾದ ಇತರ ಮೂಢನಂಬಿಕೆಗಳ ತನಿಖಾ ಸಮಿತಿ'. ಅಂದರೆ, ದೇವರು ಇದ್ದಾನೋ ಇಲ್ಲವೋ, ಸತ್ತ ಮೇಲೆ ಏನಾಗುತ್ತದೆ ಅನ್ನುವ ವಿಚಾರಕ್ಕೆ ನಾವು ಬರುವುದಿಲ್ಲ, ಕಣ್ಣಿಗೆ ಕಾಣುವ, ಕೈಗೆ ಸಿಗುವ ಒಂದು ವಸ್ತು ಗಾಳಿಯಿಂದ ಬಂತು ಅಂತ ನೀವು ಹೇಳಿದರೆ ಅದನ್ನು ಮಾತ್ರ ನೋಡುತ್ತೇವೆ. 'ಪರೀಕ್ಷಿಸಬಹುದಾದ' ಅನ್ನುವ ಒಂದು ಪದದಲ್ಲಿ ಸಮಿತಿ ತನ್ನ ಬೇಲಿಯನ್ನು ತಾನೇ ಹಾಕಿಕೊಂಡಿತ್ತು.

ಜನರ ಬಾಯಲ್ಲಿ ಉಳಿದದ್ದು ಮಾತ್ರ ಕುಂಬಳಕಾಯಿ ಸವಾಲು. ಉಂಗುರ, ಬೂದಿ ಆದರೆ ತೋಳಿನಲ್ಲಿ ಅಡಗಿಸಬಹುದು, ಕುಂಬಳಕಾಯಿ ತರಿಸಿ ನೋಡೋಣ ಅನ್ನುವ ಮಾತು ನಗೆಯೊಂದಿಗೆ ನಾಡೆಲ್ಲ ಸುತ್ತಿತು.

ಪಾಂಡವಪುರದ ಹುಡುಗ

ಸಮಿತಿಯ ಕಣ್ಣಿಗೆ ಬಿದ್ದ ಇನ್ನೊಂದು ಪ್ರಕರಣ ಮಂಡ್ಯ ಜಿಲ್ಲೆಯ ಪಾಂಡವಪುರದ್ದು. ಅಲ್ಲಿ ಸುಮಾರು ಏಳು ವರ್ಷದ ಹುಡುಗನೊಬ್ಬ ವಿಭೂತಿ ಸೃಷ್ಟಿಸುತ್ತಾನೆ ಅಂತ ಜನ ಸೇರುತ್ತಿದ್ದರು. 1976ರ ಜುಲೈನಲ್ಲಿ ಸಮಿತಿಯವರು ಹೋದರು, ಮೈಮೇಲಿನ ಬಟ್ಟೆ ಪರೀಕ್ಷಿಸಿದರು. ಬೂದಿ ಬಟ್ಟೆಯೊಳಗೇ ಬಚ್ಚಿಟ್ಟದ್ದು ಬಯಲಾಯಿತು. ಅಲ್ಲಿಗೆ ಪವಾಡ ನಿಂತಿತು.

ವಿಚಾರವಾದಿಗಳು ಇದನ್ನು ಗೆಲುವಿನ ಕಥೆಯಾಗಿ ಹೇಳುತ್ತಾರೆ. ಆದರೆ ಆ ಕಥೆಯ ನಡುವೆ ನಿಂತಿದ್ದದ್ದು ಒಂದು ಮಗು. ಏಳು ವರ್ಷದ ಮಗು ತಾನಾಗಿಯೇ ಇಷ್ಟು ದೊಡ್ಡ ಆಟ ಕಟ್ಟಲಾರದು. ಆಟ ಕಟ್ಟಿದ್ದೂ ದೊಡ್ಡವರು, ಬಯಲು ಮಾಡಿದ್ದೂ ದೊಡ್ಡವರು. ಪವಾಡ ನಿಜವೋ ಸುಳ್ಳೋ ಅನ್ನುವುದರ ಜೊತೆಗೆ, ಇದರಿಂದ ಈ ಮಗುವಿಗೆ ಏನಾಯಿತು ಅನ್ನುವುದೂ ಕೇಳಬೇಕಾದ ಮಾತೇ. ಆ ಪ್ರಶ್ನೆ ಸರಿಯಾಗಿ ಕೇಳಿಬರಲು ಮುಂದೆ ಬಹಳ ವರ್ಷ ಹಿಡಿಯಿತು.

ಒಂದೇ ಕುರ್ಚಿ, ಇಬ್ಬರು

ಈ ಜಗಳವನ್ನು ವಿಜ್ಞಾನ ಓದಿದವರು ಒಂದು ಕಡೆ, ಓದದವರು ಒಂದು ಕಡೆ ಅಂತ ಹಂಚಲು ಹೋದರೆ ಲೆಕ್ಕ ಕೂಡುವುದಿಲ್ಲ. ಎಚ್ಚೆನ್ ಕೂತಿದ್ದ ಅದೇ ಕುಲಪತಿಯ ಕುರ್ಚಿಯಲ್ಲಿ 1966ರಿಂದ 1969ರವರೆಗೆ ಕೂತಿದ್ದವರು ಕವಿ ವಿ.ಕೃ. ಗೋಕಾಕ್. ಅವರು ಬಾಬಾ ಅವರ ದೊಡ್ಡ ಭಕ್ತರು. 1981ರಲ್ಲಿ ಪುಟ್ಟಪರ್ತಿಯಲ್ಲಿ ಬಾಬಾ ಹೆಸರಿನ ವಿಶ್ವವಿದ್ಯಾಲಯ ಶುರುವಾದಾಗ ಅದರ ಮೊದಲ ಕುಲಪತಿಯೂ ಅವರೇ. ಭೌತವಿಜ್ಞಾನಿ ಎಸ್. ಭಗವಂತಂ ಸರ್ ಸಿ.ವಿ. ರಾಮನ್ ಅವರ ಶಿಷ್ಯರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು. ಬಾಬಾ ಅವರ ತೆಲುಗು ಭಾಷಣವನ್ನು ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ಅನುವಾದ ಮಾಡುತ್ತಿದ್ದವರಲ್ಲಿ ಅವರೂ ಒಬ್ಬರು. ಎಚ್ಚೆನ್ ಭೌತಶಾಸ್ತ್ರ ಓದಿದವರು, ಭಗವಂತಂ ಕೂಡ ಭೌತಶಾಸ್ತ್ರ ಓದಿದವರು. ಇಬ್ಬರೂ ಒಂದೇ ನೆಲದ ಮೇಲೆ ಎದುರುಬದುರು ನಿಂತರು.

ಭಕ್ತರ ವಾದವನ್ನೂ ನ್ಯಾಯವಾಗಿ ಕೇಳಬೇಕು. ವಿಜ್ಞಾನ ಇಂದ್ರಿಯಕ್ಕೆ ಸಿಗುವುದನ್ನು ಅಳೆಯುತ್ತದೆ, ಅಧ್ಯಾತ್ಮ ಇಂದ್ರಿಯ ದಾಟಿದ್ದು, ಅದಕ್ಕೆ ಈ ಅಳತೆಗೋಲು ಸಾಲದು ಅನ್ನುವುದು ಬಾಬಾ ಅವರ ನಿಲುವಾಗಿತ್ತು. ತಾಯಿಯ ಪ್ರೀತಿಯನ್ನು ಪ್ರಯೋಗಶಾಲೆಯಲ್ಲಿ ತೂಗುತ್ತೀರಾ ಅಂತ ಭಕ್ತರು ಕೇಳುತ್ತಿದ್ದರು. ಪ್ರೀತಿಯ ಮಟ್ಟಿಗೆ ಆ ಮಾತು ಸರಿ. ಆದರೆ ಉಂಗುರಕ್ಕೆ ತೂಕ ಇದೆ, ಬೂದಿಗೆ ಬಣ್ಣ ಇದೆ. ಇಂದ್ರಿಯ ದಾಟಿದ್ದಕ್ಕೆ ಇಂದ್ರಿಯಕ್ಕೆ ಕಾಣುವ ಸಾಕ್ಷಿ ತೋರಿಸಿದ ಕೂಡಲೇ ಅದನ್ನು ನೋಡುವ ಹಕ್ಕು ನೋಡುವವನಿಗೂ ಬರುತ್ತದೆ. ಎಚ್ಚೆನ್ ಹಿಡಿದದ್ದು ಆ ಎಳೆಯನ್ನೇ.

ಭಕ್ತರ ಇನ್ನೊಂದು ಮಾತು ಇನ್ನೂ ಗಟ್ಟಿ. 2001ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಬಾಬಾ ಅವರ ದೊಡ್ಡ ಆಸ್ಪತ್ರೆ ಶುರುವಾಯಿತು. ಅಲ್ಲಿ ಹೃದಯದ ಆಪರೇಷನ್ ಉಚಿತ. ಅಂಥ ಆಪರೇಷನ್ನಿನಿಂದ ಬದುಕಿದವರ ಮನೆಯವರಿಗೆ ನೀವು ಕುಂಬಳಕಾಯಿ ಲೆಕ್ಕ ಹೇಳಿದರೆ ಅವರು ಕೇಳಿಸಿಕೊಳ್ಳುವುದಿಲ್ಲ, ಕೇಳಿಸಿಕೊಳ್ಳಬೇಕಾಗಿಯೂ ಇಲ್ಲ. ಅಲ್ಲಿ ಎದೆ ಬಿಚ್ಚಿ ಹೊಲಿಯುವುದು ಮಾತ್ರ ಸರ್ಜನ್ನರು. ಕಟ್ಟಡ ಕಟ್ಟಿಸಿದ್ದು ಭಕ್ತಿ, ಒಳಗೆ ಕೆಲಸ ಮಾಡುತ್ತಿರುವುದು ವಿಜ್ಞಾನ. ಒಂದೇ ಸೂರಿನಡಿ ಎರಡಕ್ಕೂ ಜಾಗ ಸಿಕ್ಕಿದೆ.

ಚಂದ್ರಗುತ್ತಿ ಕಲಿಸಿದ್ದು

1977ರಲ್ಲಿ ಎಚ್ಚೆನ್ ಕುಲಪತಿ ಹುದ್ದೆ ಬಿಟ್ಟರು, ಸಮಿತಿ ಮುಚ್ಚಿತು. ಆ ಹೊತ್ತಿಗೆ ದೇಶದ ಸಂವಿಧಾನದಲ್ಲಿ ಒಂದು ಹೊಸ ಸಾಲು ಸೇರಿತ್ತು. 1976ರ 42ನೇ ತಿದ್ದುಪಡಿಯಲ್ಲಿ ಬಂದ 51ಎ ವಿಧಿಯ ಪ್ರಕಾರ ವೈಜ್ಞಾನಿಕ ಮನೋಭಾವ, ಮಾನವೀಯತೆ, ಪ್ರಶ್ನಿಸುವ ಗುಣ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ. ಅದೇ ಸಂವಿಧಾನದ 25ನೇ ವಿಧಿ ತನಗಿಷ್ಟವಾದ ಧರ್ಮ ಪಾಲಿಸುವ ಹಕ್ಕನ್ನೂ ಕೊಟ್ಟಿದೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು.

ಈ ಎರಡು ವಿಧಿ ನೆಲದ ಮೇಲೆ ಡಿಕ್ಕಿ ಹೊಡೆದದ್ದು 1986ರ ಮಾರ್ಚ್‌ನಲ್ಲಿ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬ ಜಾತ್ರೆಯಲ್ಲಿ ಬೆತ್ತಲೆ ಸೇವೆ ನಡೆಯುತ್ತಿತ್ತು. ಹರಕೆ ಹೊತ್ತವರಲ್ಲಿ ಹೆಚ್ಚಿನವರು ಬಡವರು, ದಲಿತರು, ಹಿಂದುಳಿದವರು. ಇದು ಬೇಡ ಅಂತ ಹೇಳಲು ದಲಿತ ಸಂಘಟನೆಯವರು, ಸಮಾಜ ಸೇವಕರು ಹೋದರು, ಪೊಲೀಸರೂ ಇದ್ದರು. ಗುಂಪು ತಿರುಗಿಬಿತ್ತು. ತಡೆಯಲು ಹೋದವರನ್ನೇ, ಪೊಲೀಸರನ್ನೂ ಸೇರಿಸಿ, ಹೊಡೆದು ಬೆತ್ತಲೆ ಮಾಡಿದರು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು.

ಅಲ್ಲಿ ದೇವಿ ಇದ್ದಾಳೋ ಇಲ್ಲವೋ ಅನ್ನುವುದು ಚರ್ಚೆಯೇ ಆಗಿರಲಿಲ್ಲ. ಹರಕೆಯ ಹೆಸರಿನಲ್ಲಿ ಒಬ್ಬ ಹೆಣ್ಣುಮಗಳ ಮಾನ ಹೋಗುವುದು ಸರಿಯೇ ಅನ್ನುವುದಷ್ಟೇ ಪ್ರಶ್ನೆ. ಪ್ರಶ್ನೆ ಬದಲಾಗಲು ಶುರುವಾದದ್ದು ಇಲ್ಲಿಂದ.

ಕಾಂಪೌಂಡ್ ದಾಟಿದ ಪ್ರಶ್ನೆ

2013ರ ಆಗಸ್ಟ್ 20ರಂದು ಪುಣೆಯಲ್ಲಿ ಮೂಢನಂಬಿಕೆ ವಿರೋಧಿ ಚಳವಳಿಯ ಡಾ. ನರೇಂದ್ರ ದಾಭೋಲ್ಕರ್ ಅವರನ್ನು ಗುಂಡಿಟ್ಟು ಕೊಂದರು. ಅವರು ವರ್ಷಗಟ್ಟಲೆ ಕೇಳಿದ ಕಾನೂನು ಅವರು ಸತ್ತ ಮೇಲೆ ಮಹಾರಾಷ್ಟ್ರದಲ್ಲಿ ಬಂತು. ಅದೇ ವರ್ಷದ ಕೊನೆಗೆ ನಾಗರಬಾವಿಯ ಕಾನೂನು ಶಾಲೆಯ ಅಧ್ಯಯನ ಕೇಂದ್ರವೊಂದು ಕರ್ನಾಟಕಕ್ಕೂ ಮಸೂದೆಯ ಕರಡು ಸಿದ್ಧಪಡಿಸಿ ಸರ್ಕಾರಕ್ಕೆ ಕೊಟ್ಟಿತು. ಸಮಾಜ ಹೊರಗಿಟ್ಟ ಜನರ ಬದುಕನ್ನು ಅಧ್ಯಯನ ಮಾಡುವ ಕೇಂದ್ರ ಅದು. ಮೂಢನಂಬಿಕೆಯ ಪೆಟ್ಟು ಮೊದಲು ಬೀಳುವುದು ಅವರ ಬೆನ್ನ ಮೇಲೇ ಆದ್ದರಿಂದ ಕೆಲಸ ಸರಿಯಾದ ಕಡೆಗೇ ಬಂದಿತ್ತು.

ಕರಡು ಹೊರಬಿದ್ದ ಕೂಡಲೇ ಗಲಾಟೆ. ಇದು ಹಿಂದೂ ವಿರೋಧಿ, ನಾಳೆ ಪೂಜೆ ಮಾಡಿದರೂ ಕೇಸು ಹಾಕುತ್ತಾರೆ ಅಂದರು. ಸರ್ಕಾರ ಹಿಂಜರಿಯಿತು. ಕಾನೂನು ಬೇಕು ಅಂತ ಬೀದಿಗಿಳಿದವರಲ್ಲಿ ನಿಡುಮಾಮಿಡಿ ಮಠದ ವೀರಭದ್ರ ಚನ್ನಮಲ್ಲ ಸ್ವಾಮೀಜಿಯವರೂ ಇದ್ದರು. ಇಲ್ಲೂ ಗೆರೆ ಆಸ್ತಿಕ, ನಾಸ್ತಿಕ ಅಂತ ನೇರವಾಗಿ ಬೀಳಲಿಲ್ಲ.

2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ವಚನ ಸಾಹಿತ್ಯದ ದೊಡ್ಡ ವಿದ್ವಾಂಸ ಎಂ.ಎಂ. ಕಲಬುರ್ಗಿ ಅವರನ್ನು ಮನೆಬಾಗಿಲಲ್ಲೇ ಗುಂಡಿಟ್ಟು ಕೊಂದರು. ಮೂರ್ತಿ ಪೂಜೆಯ ಬಗ್ಗೆ ಅವರಾಡಿದ ಮಾತು ಹಿಂದಿನ ವರ್ಷ ದೊಡ್ಡ ವಿವಾದವಾಗಿತ್ತು. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್ ಅವರ ಕೊಲೆ ನಡೆದದ್ದು ರಾಜರಾಜೇಶ್ವರಿ ನಗರದಲ್ಲಿ. ಜ್ಞಾನಭಾರತಿಯಿಂದ ಕೂಗಳತೆ ಅನ್ನುವಷ್ಟು ಹತ್ತಿರ. ಎಚ್ಚೆನ್ ಕಾಗದ ಬರೆದಾಗ ಬಂದದ್ದು ಮೌನ, ಟೀಕೆ. ನಲವತ್ತು ವರ್ಷದ ನಂತರ ಬಂದದ್ದು ಗುಂಡು. ಈ ಇತಿಹಾಸದಲ್ಲಿ ನಂಬುವವರೂ ನಂಬದವರೂ ಒಟ್ಟಿಗೆ ತಲೆತಗ್ಗಿಸಬೇಕಾದ ಭಾಗ ಇದು.

ಕಾನೂನಿನಲ್ಲಿ ಏನಿದೆ

2017ರ ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಕಾನೂನು ಪಾಸಾಯಿತು. 2020ರ ಜನವರಿಯಲ್ಲಿ ಜಾರಿಗೆ ಬಂತು. ಒಂದು ಪಕ್ಷದ ಸರ್ಕಾರ ತಂದದ್ದನ್ನು ಇನ್ನೊಂದು ಪಕ್ಷದ ಸರ್ಕಾರ ಜಾರಿ ಮಾಡಿತು.

ನಿಧಿಗಾಗಿ ಬಲಿ, ಹಿಂಸೆ ಮಾಡುವುದು, ದೆವ್ವ ಬಿಡಿಸುತ್ತೇನೆ ಅಂತ ಸರಪಳಿ ಕಟ್ಟಿ ಹೊಡೆಯುವುದು, ಎಂಜಲೆಲೆಯ ಮೇಲೆ ಉರುಳಿಸುವುದು, ಮುಟ್ಟಾದ, ಬಸುರಿ ಹೆಣ್ಣುಮಕ್ಕಳನ್ನು ಊರ ಹೊರಗಿಡುವುದು, ಹಾವು ಚೇಳು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು, ಇವೆಲ್ಲ ಅಪರಾಧ. ಒಂದರಿಂದ ಏಳು ವರ್ಷ ಜೈಲು, ಐದು ಸಾವಿರದಿಂದ ಐವತ್ತು ಸಾವಿರ ರೂಪಾಯಿ ದಂಡ. ದೂರು ಕೊಡಲು ಬೆಂಗಳೂರಿಗೆ ಹೋಗಬೇಕಿಲ್ಲ, ನಿಮ್ಮ ಪೊಲೀಸ್ ಠಾಣೆ ಸಾಕು.

ಪೂಜೆ, ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆಯನ್ನು ಕಾನೂನು ಮುಟ್ಟಿಲ್ಲ. ಕಿವಿ ಚುಚ್ಚುವುದು, ಜ್ಯೋತಿಷ್ಯ, ವಾಸ್ತು ಕೂಡ ಹೊರಗಿವೆ. ಜ್ಯೋತಿಷ್ಯ ಬಿಟ್ಟದ್ದಕ್ಕೆ ಎಷ್ಟೋ ವಿಚಾರವಾದಿಗಳಿಗೆ ಬೇಸರ. ಆದರೆ ಕಾನೂನು ಕೇಳುತ್ತಿರುವುದು ನಿಮ್ಮ ನಂಬಿಕೆ ನಿಜವೇ ಅಂತಲ್ಲ, ಅದರಿಂದ ಇನ್ನೊಬ್ಬರ ಜೀವಕ್ಕೆ, ಮಾನಕ್ಕೆ ಪೆಟ್ಟಾಗುತ್ತದೆಯೇ ಅಂತ. ಈ ಪ್ರಶ್ನೆಗೆ ದೇವರ ಕೋಣೆಯಿಂದ ಎದ್ದು ಬಂದವರೂ ಉತ್ತರ ಕೊಡಬಹುದು, ದೇವರ ಕೋಣೆಯೇ ಇಲ್ಲದವರೂ ಕೊಡಬಹುದು.

ಹಾಗಂತ ಎಚ್ಚೆನ್ ಅವರ ಹಳೆಯ ಪ್ರಶ್ನೆ ಸವೆದುಹೋಯಿತು ಅಂದುಕೊಳ್ಳಬೇಡಿ. ಹಾವಿನ ಮಂತ್ರವನ್ನೇ ತೆಗೆದುಕೊಳ್ಳಿ. ಊರಲ್ಲಿ ಹಾಕಿಸಿಕೊಂಡು ಬದುಕಿದವರು ಇರುತ್ತಾರೆ, ಅವರು ಸುಳ್ಳು ಹೇಳುತ್ತಿಲ್ಲ. ಕಚ್ಚುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ವಿಷದ ಹಾವೂ ಎಷ್ಟೋ ಸಲ ವಿಷ ಇಳಿಸದೆ ಬರೀ ಕಚ್ಚುತ್ತದೆ. ಹಾಗೆ ಬದುಕಿದವರ ಲೆಕ್ಕ ಮಂತ್ರವಾದಿಯ ಖಾತೆಗೆ ಹೋಗುತ್ತದೆ, ಸತ್ತವರ ಲೆಕ್ಕ ಹಣೆಬರಹದ ಖಾತೆಗೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದು ನೋಡುವುದಕ್ಕೆ ಪರೀಕ್ಷೆ ಅನ್ನುತ್ತಾರೆ. ಅದು ಇಲ್ಲದಿದ್ದರೆ ಯಾವುದರಿಂದ ಪೆಟ್ಟಾಗುತ್ತಿದೆ ಅನ್ನುವುದೇ ಗೊತ್ತಾಗುವುದಿಲ್ಲ.

2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರು ಅಂತ ಒಂದು ದೊಡ್ಡ ಅಧ್ಯಯನ ಅಂದಾಜಿಸಿದೆ. ಸತ್ತವರಲ್ಲಿ ಬಹುಪಾಲು ಹಳ್ಳಿಯವರು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಔಷಧಿ ಇದೆ. ಅದನ್ನು ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಕೊಡುತ್ತಾರೆ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರಕರಣವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು.

ಮಳೆಗಾಲದಲ್ಲಿ ಗದ್ದೆ ಬದುವಿನಲ್ಲೋ ಸೌದೆ ರಾಶಿಯಲ್ಲೋ ಯಾರಿಗಾದರೂ ಹಾವು ಕಚ್ಚಿದರೆ ಕಚ್ಚಿದ ಜಾಗ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಸುಬ್ರಹ್ಮಣ್ಯನನ್ನು ನೆನೆಯುವವರು ನೆನೆಯಲಿ, ಅದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಗಾಡಿ ಮಾತ್ರ ನಿಲ್ಲಿಸಬೇಡಿ.