ಕಾಯುವ ಹೊತ್ತಿನ ಲೆಕ್ಕ

ಪ್ರೋಗ್ರಾಮ್ ನಿಧಾನವಾದರೆ ಅದರ ಯಾವ ಭಾಗ ಹೆಚ್ಚು ದುಡಿಯುತ್ತಿದೆ ಎಂದು ಹುಡುಕುವುದು ಹಳೆಯ ಪದ್ಧತಿ. 1971ರಲ್ಲಿ ಡೊನಾಲ್ಡ್ ಕ್ನೂತ್ ಫೋರ್ಟ್ರಾನ್ ಪ್ರೋಗ್ರಾಮುಗಳನ್ನು ಅಳೆದು, ಓಡುವ ಸಮಯದ ಅರ್ಧಕ್ಕೂ ಹೆಚ್ಚು ಪಾಲನ್ನು ಸಾಮಾನ್ಯವಾಗಿ ಶೇ. 4ಕ್ಕಿಂತ ಕಡಿಮೆ ಭಾಗವೇ ನುಂಗುತ್ತದೆ ಎಂದು ತೋರಿಸಿದರು. 1982ರಲ್ಲಿ ಬರ್ಕ್ಲಿಯಿಂದ ಬಂದ ಜಿಪ್ರಾಫ್ ಎಂಬ ಸಾಧನ, ಯಾವ ಫಂಕ್ಷನ್ ಯಾರ ಕರೆಯಿಂದ ಹೊತ್ತು ತಿಂದಿತು ಎಂಬುದನ್ನೂ ಬಿಡಿಸಿಟ್ಟಿತು. ಆದರೆ ಡಿಸ್ಕಿನಿಂದ ಡೇಟಾ ಬರಲೆಂದು ಪ್ರೋಗ್ರಾಮ್ ಸುಮ್ಮನೆ ಕೂತ ಹೊತ್ತು ಆ ಪಟ್ಟಿಗೆ ಸೇರುತ್ತಿರಲಿಲ್ಲ. ಕೆಲಸದ ಜೊತೆಗೆ ಕಾಯುವಿಕೆಯನ್ನೂ ಬರೆದಿಡತೊಡಗಿದ ಮೇಲೆಯೇ ಈ ಕ್ಷೇತ್ರ ನಿಜವಾಗಿ ಬೆಳೆಯಿತು ಎಂಬುದು ನನ್ನ ಅಭಿಪ್ರಾಯ.

ಅದಕ್ಕೆ ಮೊದಲು, ಡೇಟಾ ಕಳಿಸುವ ಮತ್ತು ಪಡೆಯುವ ಯಂತ್ರಗಳ ಗಡಿಯಾರಗಳು ಹೊಂದಿಕೊಳ್ಳಬೇಕಿತ್ತು. ಕಳಿಸುವ ಯಂತ್ರದ ಗಡಿಯಾರ ಅರ್ಧ ಸೆಕೆಂಡು ಮುಂದಿದ್ದರೆ, ಡೇಟಾ ಹೊರಡುವ ಮೊದಲೇ ತಲುಪಿದಂತೆ ಲಾಗ್ ಹೇಳುತ್ತದೆ. ಡೇವಿಡ್ ಮಿಲ್ಸ್ 1985ರಲ್ಲಿ ಪ್ರಕಟಿಸಿದ ಎನ್‌ಟಿಪಿ ಎಂಬ ಗಡಿಯಾರ ಹೊಂದಿಸುವ ನಿಯಮಾವಳಿ ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿತು.

ಆ ಬುನಾದಿಯ ಮೇಲೆ 1990ರ ದಶಕದಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಬ್ರಯಾನ್ ಟಿಯರ್ನಿ ಮತ್ತು ಸಂಗಡಿಗರು ನೆಟ್‌ಲಾಗರ್ ಎಂಬ ಸಾಧನ ಕಟ್ಟಿದರು. ವೈಜ್ಞಾನಿಕ ಡೇಟಾ ದೂರದೂರದ ಸರ್ವರ್‌ಗಳಿಂದ ಬರುತ್ತಿದ್ದ ಕಾಲ ಅದು. ಕೋರಿಕೆ ಹೋದಾಗ, ಡಿಸ್ಕ್ ಓದಲು ಶುರುವಾದಾಗ, ಓದಿ ಮುಗಿದಾಗ, ನೆಟ್‌ವರ್ಕಿಗೆ ಹಾಕಿದಾಗ, ಆಚೆ ಕಡೆ ತಲುಪಿದಾಗ, ಹೀಗೆ ಪ್ರತಿ ಹಂತಕ್ಕೂ ಲಾಗಿನಲ್ಲಿ ಒಂದೊಂದು ಸಾಲು: ಮೈಕ್ರೊಸೆಕೆಂಡಿನವರೆಗಿನ ಸಮಯ, ಯಂತ್ರದ ಹೆಸರು, ಪ್ರೋಗ್ರಾಮಿನ ಹೆಸರು, ನಡೆದ ಘಟನೆ. ಗ್ರಾಫಿನಲ್ಲಿ ಅಡ್ಡಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಘಟನೆಗಳ ಸರದಿ. ಒಂದು ಡೇಟಾ ತುಣುಕು ನಡೆದ ದಾರಿಗೆ ಒಂದು ಗೆರೆ. ಗೆರೆ ಕಡಿದಾಗಿ ಏರಿದರೆ ಕೆಲಸ ಸರಾಗ. ಅಡ್ಡಕ್ಕೆ ಮಲಗಿದರೆ ತಡ ಅಲ್ಲೇ. ಅದೇ ಗ್ರಾಫಿನಲ್ಲಿ ಟಿಸಿಪಿ ಪ್ಯಾಕೆಟ್ಟುಗಳನ್ನು ಮತ್ತೆ ಕಳಿಸಿದ ಕ್ಷಣಗಳನ್ನೂ ಗುರುತಿಸಿದರೆ, ತಪ್ಪು ಡಿಸ್ಕಿನದೋ ನೆಟ್‌ವರ್ಕಿನದೋ ಎಂಬ ವಾದಕ್ಕೆ ಕಣ್ಣೆದುರಿನ ಸಾಕ್ಷಿ ಸಿಗುತ್ತಿತ್ತು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 2003ರ ಲಾಸ್ ಅಲಾಮೋಸ್ ಅಧ್ಯಯನ. ಅಲ್ಲಿನ ಆಸ್ಕಿ ಕ್ಯೂ ಸೂಪರ್‌ಕಂಪ್ಯೂಟರಿನಲ್ಲಿ 8,192 ಪ್ರೊಸೆಸರ್‌ಗಳಿದ್ದವು, ಅದರೊಳಗಿನ ಒಂದೊಂದು ಕಂಪ್ಯೂಟರಿನಲ್ಲಿ, ಅಂದರೆ ನೋಡ್‌ನಲ್ಲಿ ನಾಲ್ಕು. ವಿಚಿತ್ರವೆಂದರೆ, ದೊಡ್ಡ ಲೆಕ್ಕಗಳಲ್ಲಿ ನಾಲ್ಕರ ಬದಲು ಮೂರನ್ನೇ ಬಳಸಿದರೆ ಕೆಲಸ ಬೇಗ ಮುಗಿಯುತ್ತಿತ್ತು. ಅಧ್ಯಯನ ನಡೆಸಿದ ಪೆಟ್ರಿನಿ, ಕರ್ಬಿಸನ್, ಪಾಕಿನ್ ಒಂದೇ ಅಳತೆಯ ಪುಟ್ಟ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸಿ, ತಗುಲಿದ ಸಮಯವನ್ನೆಲ್ಲ ಗ್ರಾಫಿಗಿಳಿಸಿದರು. ಆಪರೇಟಿಂಗ್ ಸಿಸ್ಟಂ ನಡುನಡುವೆ ತನ್ನ ಚಿಲ್ಲರೆ ಕೆಲಸಗಳಿಗಾಗಿ ಪ್ರೊಸೆಸರನ್ನು ಕಸಿದುಕೊಳ್ಳುತ್ತಿತ್ತು. ಒಂದೊಂದು ನೋಡಿನ ಮಟ್ಟಿಗೆ ಈ ನಷ್ಟ ತೀರಾ ಸಣ್ಣದು. ಆದರೆ ಪ್ರತಿ ಹೆಜ್ಜೆಯಲ್ಲೂ ಎಲ್ಲ ಪ್ರೊಸೆಸರ್‌ಗಳು ಹಿಂದುಳಿದವನಿಗಾಗಿ ನಿಲ್ಲಬೇಕು. ಯಾರಾದರೊಬ್ಬರು ಹಿಂದುಳಿದೇ ಇರುತ್ತಿದ್ದರು. ಆ ಚಿಲ್ಲರೆ ಕೆಲಸಗಳಲ್ಲಿ ಕೆಲವನ್ನು ತೆಗೆದು, ಕೆಲವನ್ನು ಬೇರೆಡೆಗೆ ಸರಿಸಿದಾಗ, ಸೇಜ್ ಎಂಬ ಪ್ರೋಗ್ರಾಮ್ ಒಂದಕ್ಷರ ಬದಲಾಗದೆ ಸುಮಾರು ಇಮ್ಮಡಿ ವೇಗ ಪಡೆಯಿತು.

ಸರಾಸರಿಯನ್ನಷ್ಟೇ ನೋಡುವವರಿಗೆ ಇಂಥದ್ದು ಕಾಣುವುದಿಲ್ಲ. 1999ರಲ್ಲಿ ಬಂದ ಆರ್‌ಆರ್‌ಡಿಟೂಲ್ ಎಂಬ ಸಾಧನ ಜಾಗ ಉಳಿಸಲು ಹಳೆಯ ಅಂಕಿಗಳನ್ನು ಒಟ್ಟುಗೂಡಿಸಿಡುತ್ತದೆ. ಸಾಮಾನ್ಯವಾಗಿ ಉಳಿಯುವುದು ಅವುಗಳ ಸರಾಸರಿ ಮಾತ್ರ. ಉಪಕಾರಿಯೇ, ಆದರೆ ಒಂದು ಕ್ಷಣದ ಅಡಚಣೆ ಅದರಲ್ಲಿ ಕರಗಿಹೋಗುತ್ತದೆ. 2010ರಲ್ಲಿ ಬ್ರೆಂಡನ್ ಗ್ರೆಗ್ ವಿವರಿಸಿದ ಹೀಟ್ ಮ್ಯಾಪ್ ಬೇರೆ ದಾರಿ ಹಿಡಿಯಿತು: ಅಡ್ಡಕ್ಕೆ ಸಮಯ, ಉದ್ದಕ್ಕೆ ವಿಳಂಬ, ಎಷ್ಟು ಕೋರಿಕೆಗಳೆಂಬುದಕ್ಕೆ ಬಣ್ಣದ ಗಾಢತೆ. ತೀರಾ ತಡವಾದ ನಾಲ್ಕಾರು ಕೋರಿಕೆಗಳೂ ಮೇಲ್ಗಡೆ ಚುಕ್ಕಿಗಳಾಗಿ ಉಳಿಯುತ್ತವೆ. ಆ ಚುಕ್ಕಿಗಳ ಬೆಲೆಯನ್ನು 2013ರಲ್ಲಿ ಜೆಫ್ ಡೀನ್ ಮತ್ತು ಲೂಯಿಜ್ ಬರೋಸೊ ಲೆಕ್ಕ ಹಾಕಿದರು. ಒಂದು ಸರ್ವರ್ ನೂರಕ್ಕೊಮ್ಮೆ ಮಾತ್ರ ತಡಮಾಡಿದರೂ, ನೂರು ಸರ್ವರ್‌ಗಳ ಉತ್ತರವೂ ಬೇಕಾದ ಕೋರಿಕೆಗಳಲ್ಲಿ ಶೇ. 63 ತಡವಾಗುತ್ತವೆ.

ಕೆಲಸ ಶುರುವಾಯಿತು, ಮುಗಿಯಿತು ಎಂಬ ಎರಡೇ ಸಾಲು ಬರೆಯುವ ಡೇಟಾ ವ್ಯವಸ್ಥೆಗಳು ಇಂದಿಗೂ ಇವೆ. ಫೈಲು ಕ್ಯೂ ಸೇರಿದ ಕ್ಷಣಕ್ಕೆ ಮೂರನೆಯ ಸಾಲೊಂದನ್ನು ಸೇರಿಸಿದರೆ, ಅದು ಸರದಿಗಾಗಿ ಎಷ್ಟು ಹೊತ್ತು ಕಾದಿತೆಂಬುದೂ ಗ್ರಾಫಿಗೆ ಬರುತ್ತದೆ.