ಎಂಟಿಬಿ ಸೈಕಲ್‌ನ ಹಿಂಭಾಗದಲ್ಲಿ 'ಕಟಕಟ' ಸದ್ದೇ? ಸಸ್ಪೆನ್ಷನ್ ಪಿವೋಟ್ ಬೇರಿಂಗ್ ಬದಲಿಸುವುದು ಹೀಗೆ

ಮಳೆಗಾಲವಿಡೀ ಸಹ್ಯಾದ್ರಿಯ ಕೆಸರು ದಾರಿಗಳಲ್ಲಿ ಓಡಿದ ಮೌಂಟೇನ್ ಬೈಕ್ ಚಳಿಗಾಲದ ಹೊತ್ತಿಗೆ ಹಿಂಬದಿಯಿಂದ ಸದ್ದು ಮಾಡಲು ಶುರುಮಾಡುತ್ತದೆ. ಏರಿನಲ್ಲಿ ಪೆಡಲ್ ತುಳಿದಾಗ 'ಕಟಕಟ', ಇಳಿಜಾರಿನ ತಿರುವಿನಲ್ಲಿ ಹಿಂದಿನ ಚಕ್ರ ತುಸು ಅಲುಗಿದ ಅನುಭವ. ಅನೇಕರು ಚೈನ್‌ಗೆ ಎಣ್ಣೆ ಬಿಟ್ಟು ಸುಮ್ಮನಾಗುತ್ತಾರೆ. ಆದರೆ ಫುಲ್ ಸಸ್ಪೆನ್ಷನ್ ಸೈಕಲ್ ಆಗಿದ್ದರೆ ತಪ್ಪು ಬಹುಶಃ ಪಿವೋಟ್ ಬೇರಿಂಗ್‌ನದ್ದು. ಬೇರಿಂಗ್ ಬೆಲೆ ಕಡಿಮೆ. ಅದು ಕೂರುವ ಫ್ರೇಮ್ ದುಬಾರಿ. ಈ ಕೆಲಸದಲ್ಲಿ ನೆನಪಿಡಬೇಕಾದ ಮುಖ್ಯ ಸಂಗತಿ ಇದೇ.

ಪಿವೋಟ್ ಬೇರಿಂಗ್ ಬೇಗ ಹಾಳಾಗುವುದೇಕೆ?

ಫುಲ್ ಸಸ್ಪೆನ್ಷನ್ ಸೈಕಲ್‌ನ ಹಿಂಭಾಗವು ಮುಂದಿನ ಫ್ರೇಮ್‌ಗೆ ಕೀಲುಗಳ ಮೂಲಕ ಸೇರಿಕೊಂಡಿರುತ್ತದೆ. ಈ ಕೀಲುಗಳೇ ಪಿವೋಟ್. ಕ್ರ್ಯಾಂಕ್ ಬಳಿ ಇರುವುದು ಮೇನ್ ಪಿವೋಟ್. ಶಾಕ್ ಅಬ್ಸಾರ್ಬರ್ ತಳ್ಳುವ ಲಿಂಕ್‌ನಲ್ಲಿ, ಹಿಂದಿನ ಚಕ್ರದ ಹತ್ತಿರ ಇನ್ನಷ್ಟು ಇರುತ್ತವೆ.

ಚಕ್ರದ ಬೇರಿಂಗ್ ಪೂರ್ತಿ ಸುತ್ತು ತಿರುಗುವುದರಿಂದ ಗ್ರೀಸ್ ಎಲ್ಲೆಡೆ ಹರಡುತ್ತದೆ. ಪಿವೋಟ್ ಬೇರಿಂಗ್ ಹಾಗಲ್ಲ. ಅದು ಕೆಲವೇ ಡಿಗ್ರಿಯಷ್ಟು ಹಿಂದೆ ಮುಂದೆ ಆಡುತ್ತದೆ. ಅದೇ ಗುಂಡು ಅದೇ ಜಾಗವನ್ನು ಸಾವಿರಾರು ಸಲ ಒತ್ತಿ ಅಲ್ಲಿ ಸಣ್ಣ ಗುಂಡಿ ಬೀಳುತ್ತದೆ. ಜತೆಗೆ ನೀರು ಸೇರಿದರೆ ತುಕ್ಕು ಖಚಿತ. ತೊಳೆಯುವಾಗ ಪ್ರೆಷರ್ ವಾಷರ್‌ನ ನೀರನ್ನು ನೇರವಾಗಿ ಪಿವೋಟ್‌ಗೆ ಹಾಯಿಸಿದರೆ ಹಾಳಾಗುವುದು ಇನ್ನೂ ಬೇಗ.

ಪತ್ತೆ ಹಚ್ಚುವುದು ಹೇಗೆ?

ಒಂದು ಕೈಯಲ್ಲಿ ಫ್ರೇಮ್, ಇನ್ನೊಂದು ಕೈಯಲ್ಲಿ ಹಿಂದಿನ ಚಕ್ರ ಹಿಡಿದು ಅಕ್ಕಪಕ್ಕಕ್ಕೆ ಅಲುಗಿಸಿ. ಅಲುಗಾಟ ಕಂಡರೆ ಅದು ಹಬ್‌ನದ್ದೋ ಪಿವೋಟ್‌ನದ್ದೋ ಎಂದು ಬೆರಳಿಟ್ಟು ನೋಡಿ. ಸೀಟ್ ಹಿಡಿದು ನಿಧಾನವಾಗಿ ಮೇಲೆತ್ತುವಾಗ 'ಟಕ್' ಎಂದರೆ ಶಾಕ್‌ನ ಬುಷ್ ಸವೆದಿರುವ ಸಾಧ್ಯತೆಯೂ ಇದೆ.

ನಿಖರ ಉತ್ತರ ಸಿಗುವುದು ಶಾಕ್ ಬಿಚ್ಚಿದಾಗ. ಹಿಂದಿನ ಚಕ್ರವನ್ನೂ ತೆಗೆದು ಹಿಂಭಾಗವನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ. ನುಣುಪಾಗಿ ಚಲಿಸಬೇಕು. ಮರಳು ಅರೆದಂತೆ ಅನ್ನಿಸಿದರೆ, ನಡುವೆ ಸಿಕ್ಕಿಕೊಂಡರೆ ಬೇರಿಂಗ್ ಬದಲಿಸುವ ಕಾಲ ಬಂದಿದೆ.

ಬೇರಿಂಗ್ ಮೇಲಿನ ನಂಬರ್ ಓದಿ

ಬಹುತೇಕ ಸೈಕಲ್‌ಗಳಲ್ಲಿ ಬಳಸುವುದು ಯಂತ್ರಗಳಲ್ಲೂ ಬಳಕೆಯಾಗುವ ಸಾಮಾನ್ಯ ಅಳತೆಯ ಸೀಲ್ಡ್ ಬೇರಿಂಗ್. ಅಳತೆ ನಂಬರ್‌ನಲ್ಲೇ ಇರುತ್ತದೆ. ಕೆಲವು ಉದಾಹರಣೆ (ಒಳವ್ಯಾಸ, ಹೊರವ್ಯಾಸ, ದಪ್ಪ ಮಿಲಿಮೀಟರ್‌ಗಳಲ್ಲಿ):

- 6900: 10, 22, 6
- 6802: 15, 24, 5
- 6902: 15, 28, 7
- 6903: 17, 30, 7

ನಂಬರ್ ಜತೆ '2ಆರ್‌ಎಸ್' ಎಂದಿದ್ದರೆ ಎರಡೂ ಬದಿ ರಬ್ಬರ್ ಸೀಲ್ ಇದೆ ಎಂದರ್ಥ. 'ಮ್ಯಾಕ್ಸ್' ಎಂದಿದ್ದರೆ ಗುಂಡುಗಳನ್ನು ಬಿಡಿಯಾಗಿಡುವ ಕೇಜ್ ಇಲ್ಲದೆ, ಹೆಚ್ಚು ಗುಂಡು ತುಂಬಿರುತ್ತಾರೆ. ಕಡಿಮೆ ತಿರುಗಿ ಹೆಚ್ಚು ಭಾರ ಹೊರುವ ಪಿವೋಟ್‌ಗೆ ಇದು ಸೂಕ್ತ.

ಇಡೀ ಕಿಟ್ ಸಿಗದಿದ್ದರೆ ಮುಂಬೈನ ನಾಗದೇವಿ ಸ್ಟ್ರೀಟ್, ಸಿಕಂದರಾಬಾದ್‌ನ ರಾಣಿಗಂಜ್‌ನಂಥ ಹಾರ್ಡ್‌ವೇರ್ ಮಾರುಕಟ್ಟೆಗಳ ಬೇರಿಂಗ್ ಅಂಗಡಿಗಳಲ್ಲಿ ನಂಬರ್ ಹೇಳಿ ಕೇಳಬಹುದು. ಹಳೆಯ ಬೇರಿಂಗ್ ಕೈಯಲ್ಲಿರಲಿ. ನಕಲಿ ಮಾಲಿನ ಬಗ್ಗೆ ಎಚ್ಚರವಿರಲಿ, ಬಿಲ್ ಕೇಳಿ ಪಡೆಯಿರಿ. ಆದರೆ ಪಿವೋಟ್ ಬೋಲ್ಟ್, ಆಕ್ಸಲ್, ಸ್ಪೇಸರ್‌ಗಳು ಆಯಾ ಮಾಡೆಲ್‌ಗೇ ಮಾಡಿದಂಥವು. ಅವನ್ನು ಸೈಕಲ್ ಕಂಪನಿಯ ಮೂಲಕವೇ ತರಿಸಿ. ಕೆಲವು ಕಂಪನಿಗಳು ಮೊದಲ ಮಾಲೀಕರಿಗೆ ಬೇರಿಂಗ್ ಉಚಿತವಾಗಿ ಕೊಡುತ್ತವೆ. ಕೊಳ್ಳುವ ಮುನ್ನ ವಾರಂಟಿ ಓದಿ ನೋಡಿ.

ಬಿಚ್ಚುವ ಕ್ರಮ

1. ಮೊದಲು ಸೈಕಲ್ ತೊಳೆದು ಒಣಗಿಸಿ. ಏರ್ ಶಾಕ್ ಆಗಿದ್ದರೆ ಗಾಳಿಯ ಒತ್ತಡ ಬರೆದಿಟ್ಟುಕೊಳ್ಳಿ.
2. ಚಕ್ರ, ಶಾಕ್ ತೆಗೆಯಿರಿ. ಮೇನ್ ಪಿವೋಟ್ ತಲುಪಲು ಕೆಲವು ಸೈಕಲ್‌ಗಳಲ್ಲಿ ಕ್ರ್ಯಾಂಕ್ ಕೂಡ ತೆಗೆಯಬೇಕು.
3. ಪ್ರತಿ ಹಂತದಲ್ಲೂ ಫೋಟೊ ತೆಗೆಯಿರಿ. ವಾಷರ್, ಸ್ಪೇಸರ್ ಅದಲುಬದಲಾದರೆ ಜೋಡಿಸಿದ ಮೇಲೂ ಅಲುಗಾಟ ಉಳಿಯುತ್ತದೆ.
4. ಅಲೆನ್ ಕೀ ಪೂರ್ತಿ ಒಳಗೆ ಕೂತ ಮೇಲೆಯೇ ತಿರುಗಿಸಿ. ಅಲ್ಯೂಮಿನಿಯಂ ಬೋಲ್ಟ್‌ನ ತಲೆ ಬೇಗ ಸವೆಯುತ್ತದೆ. ಸವೆದ ಬೋಲ್ಟ್ ಮತ್ತೆ ಹಾಕಬೇಡಿ.

ಬೇರಿಂಗ್ ಹೊರತೆಗೆಯುವಾಗ

ಫ್ರೇಮ್ ಹಾಳಾಗುವುದು ಸಾಮಾನ್ಯವಾಗಿ ಈ ಹಂತದಲ್ಲಿ. ಬೇರಿಂಗ್ ಮುಂದೆ ಸರ್ಕ್ಲಿಪ್ ಇದೆಯೇ ನೋಡಿ. ಇದ್ದರೆ ಮೊದಲು ಅದನ್ನು ತೆಗೆಯಿರಿ. ಗಮನಿಸದೆ ಬಡಿದರೆ ಲಿಂಕ್ ಸೀಳಬಹುದು. ಬೇರಿಂಗ್ ಯಾವ ದಿಕ್ಕಿಗೆ ಹೊರಬರುತ್ತದೆ ಎಂದು ಖಚಿತಪಡಿಸಿಕೊಂಡು, ಆ ಬದಿಯಲ್ಲಿ ಬೇರಿಂಗ್‌ಗಿಂತ ದೊಡ್ಡ ಸಾಕೆಟ್ ಆನಿಸಿ, ಎಳೆಯುವ ಟೂಲ್‌ನಿಂದ ನಿಧಾನವಾಗಿ ಎಳೆಯಿರಿ. ಕಾರ್ಬನ್ ಫ್ರೇಮ್‌ಗೆ ಸುತ್ತಿಗೆ ಬೇಡ, ಬಿಸಿಯಂತೂ ಬೇಡವೇ ಬೇಡ.

ತುಕ್ಕು ಹಿಡಿದ ಬೇರಿಂಗ್ ಎಳೆಯುವಾಗ ಒಳಭಾಗ ಕಳಚಿ ಹೊರ ರಿಂಗ್ ಮಾತ್ರ ಫ್ರೇಮ್‌ನಲ್ಲೇ ಉಳಿಯುವುದುಂಟು. ಅದನ್ನು ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ. ಒಳಗಿನಿಂದ ಹಿಗ್ಗಿ ಹಿಡಿಯುವ ಬ್ಲೈಂಡ್ ಪುಲ್ಲರ್ ಬೇಕು. ಅದಿಲ್ಲದಿದ್ದರೆ ಅನುಭವವಿರುವ ಸರ್ವೀಸ್ ಸೆಂಟರ್‌ಗೆ ಒಯ್ಯುವುದೇ ಜಾಣತನ.

ಹೊಸದನ್ನು ಕೂರಿಸುವಾಗ

ಬೇರಿಂಗ್ ಕೂರುವ ರಂಧ್ರವನ್ನು ಒರೆಸಿ, ಬಿರುಕು ಇದೆಯೇ ಎಂದು ಬೆಳಕಿನಲ್ಲಿ ನೋಡಿ. ಹೊಸ ಬೇರಿಂಗ್ ಬರೀ ಬೆರಳಿನ ಒತ್ತಡಕ್ಕೆ ಒಳಗಿಳಿದರೆ ರಂಧ್ರ ಸವೆದಿದೆ ಎಂದರ್ಥ. ಸವೆತ ತೀರಾ ಸ್ವಲ್ಪವಾದರೆ ಬೇರಿಂಗ್ ಹಿಡಿದಿಡುವ ರಿಟೈನಿಂಗ್ ಕಾಂಪೌಂಡ್ ಸಾಕಾಗಬಹುದು. ಹೆಚ್ಚಿದ್ದರೆ ಫ್ರೇಮ್ ಕಂಪನಿಯನ್ನೇ ಕೇಳಬೇಕು. ಸಡಿಲ ಬೇರಿಂಗ್‌ನಲ್ಲೇ ತಿಂಗಳುಗಟ್ಟಲೆ ಓಡಿಸಿದರೆ ಸಣ್ಣ ಖರ್ಚು ದೊಡ್ಡದಾಗುವುದು ಹೀಗೆ.

ದುಬಾರಿ ಪ್ರೆಸ್ ಇಲ್ಲದಿದ್ದರೆ ಥ್ರೆಡ್ ರಾಡ್, ಎರಡು ನಟ್, ವಾಷರ್ ಮತ್ತು ಸರಿಯಾದ ಅಳತೆಯ ಸಾಕೆಟ್ ಸಾಕು. ನಿಯಮ ಒಂದೇ: ಒತ್ತಡ ಹೊರ ರಿಂಗ್ ಮೇಲೆ ಮಾತ್ರ ಬೀಳಬೇಕು. ಒಳ ರಿಂಗ್ ಒತ್ತಿದರೆ ಆ ಬಲವೆಲ್ಲ ಗುಂಡುಗಳ ಮೂಲಕ ಹಾದು, ಹೊಸ ಬೇರಿಂಗ್ ಕೂರುವ ಮುನ್ನವೇ ಹಾಳಾಗುತ್ತದೆ. ಓರೆಯಾಗಿ ಹೋಗುತ್ತಿದ್ದರೆ ನಿಲ್ಲಿಸಿ, ಹಿಂದಕ್ಕೆ ತೆಗೆದು ಮತ್ತೆ ನೇರವಾಗಿ ಶುರುಮಾಡಿ.

ಬಿಗಿಯುವಾಗ ಅಂದಾಜು ಬೇಡ

ಆಕ್ಸಲ್‌ನ ನುಣುಪು ಭಾಗಕ್ಕೆ ತೆಳುವಾಗಿ ಗ್ರೀಸ್ ಹಚ್ಚಿ. ಥ್ರೆಡ್‌ಗೆ ಹಚ್ಚಬೇಕಾದದ್ದು ಗ್ರೀಸೋ ಥ್ರೆಡ್‌ಲಾಕರೋ ಎಂದು ಮ್ಯಾನುಯಲ್ ಹೇಳುತ್ತದೆ. ಎರಡನ್ನೂ ಒಟ್ಟಿಗೆ ಹಚ್ಚಿದರೆ ಥ್ರೆಡ್‌ಲಾಕರ್ ಹಿಡಿಯುವುದಿಲ್ಲ. ಬಿಗಿಯಲು ಟಾರ್ಕ್ ರೆಂಚ್ ಬಳಸಿ. ಒಂದೇ ಸೈಕಲ್‌ನಲ್ಲೂ ಒಂದೊಂದು ಪಿವೋಟ್‌ಗೆ ಒಂದೊಂದು ಅಳತೆ ಇರುತ್ತದೆ. ಹಲವು ಬೋಲ್ಟ್‌ಗಳ ತಲೆಯ ಮೇಲೇ ನ್ಯೂಟನ್ ಮೀಟರ್‌ನಲ್ಲಿ ಬರೆದಿರುತ್ತಾರೆ.

ಶಾಕ್ ಜೋಡಿಸುವ ಮುನ್ನ ಹಿಂಭಾಗವನ್ನು ಮತ್ತೊಮ್ಮೆ ಆಡಿಸಿ ನೋಡಿ. ನುಣುಪಾಗಿ ಚಲಿಸಿ, ಅಕ್ಕಪಕ್ಕಕ್ಕೆ ಅಲುಗದಿದ್ದರೆ ಕೆಲಸ ಸರಿಯಾಗಿದೆ. ಮೊದಲ ಎರಡು ಮೂರು ಸವಾರಿಯ ಬಳಿಕ ಬೋಲ್ಟ್‌ಗಳ ಟಾರ್ಕ್ ಮತ್ತೆ ಪರೀಕ್ಷಿಸಿ. ಮುಂದಿನ ಮಳೆಗಾಲ ಮುಗಿದ ಕೂಡಲೇ ಒಮ್ಮೆ ಶಾಕ್ ಬಿಚ್ಚಿ ನೋಡಿದರೆ, ಸದ್ದು ಕೇಳುವ ಮೊದಲೇ ಸವೆತ ಗೊತ್ತಾಗುತ್ತದೆ.